ಡಾಕ್ಟರ್‌ಬಾಯಿ ಮತ್ತು ನನ್ನ ಸುಳ್ಳು ತಲೆನೋವು

ಅವರ ಕೈಗಳಿಗೆ ಅವರಿಗಿಂತ ಮೊದಲೇ ಮುಪ್ಪು ಬಂದಿತ್ತು. ಉಗುರನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸಿಕೊಂಡಿರುತ್ತಿದ್ದರು. ಒಬ್ಬೊಬ್ಬ ರೋಗಿ ಎದ್ದುಹೋದಾಗಲೂ ಸಾಬೂನು ಹಚ್ಚಿ ತೊಳೆದೂ ತೊಳೆದೂ ಬೆರಳ ಗೆಣ್ಣುಗಳ ಮೇಲಿನ ಚರ್ಮ ಬಿಳಿಚಿ, ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಯಾರದೇ ಹೊಟ್ಟೆ ಮುಟ್ಟುವ ಮೊದಲು ಅಂಗೈಗಳನ್ನು ಗಸಗಸ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

ಡೊಂಬಿವಲಿ ಪೂರ್ವದಲ್ಲಿ, ರೈಲು ಹಳಿಗೆ ಬೆನ್ನು ಹಾಕಿ ನಿಂತ ನಮ್ಮ ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಅವರ ದವಾಖಾನೆ. ವಿಜಯಪುರದ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಮರಾಠಿಯವರಿಗೂ ಹಿಂದಿಯವರಿಗೂ ನಮಗೂ ಅವರು ಡಾಕ್ಟರ್‌ಬಾಯಿ. ಫಾಸ್ಟ್ ಲೋಕಲ್ ಹೋಗುವಾಗ ಗೋಡೆಗಳೆಲ್ಲ ಅದುರುತ್ತಿದ್ದವು. ಆಗ ಅವರು ಸ್ಟೆತಾಸ್ಕೋಪನ್ನು ರೋಗಿಯ ಎದೆಯ ಮೇಲೆ ಹಾಗೇ ಇಟ್ಟುಕೊಂಡು ಕಣ್ಣು ಮುಚ್ಚಿ ಕಾಯುವರು. ಗದ್ದಲ ನಿಂತ ಮೇಲೆ, "ಹೂಂ, ಈಗ ಉಸಿರು ತಗೋ," ಎನ್ನುವರು. ಅವಸರ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ರೋಗವನ್ನು ಅರೆಬರೆ ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಸ್ವಲ್ಪ ಹಂಗಾಗೇದ ಅಂದ್ರ ಹೆಂಗ? ಎಲ್ಲಿ, ಎಂದಿನಿಂದ, ಎಷ್ಟು?" ಎಂದು ಹಿರಿಯರನ್ನೂ ಗದರಿಸುತ್ತಿದ್ದರು.

ನನಗಾಗ ಇಪ್ಪತ್ತಾರು. ರಬಾಳೆಯ ಒಂದು ಕಾರ್ಖಾನೆಯಲ್ಲಿ ಮಷೀನ್ ಆಪರೇಟರ್. ಮುಂದಿನ ಮಾರ್ಚಿಗೆ ಮದುವೆ ಗೊತ್ತಾಗಿತ್ತು. ದಸರಾ ಕಳೆದ ಮೇಲೆ ಕಿಬ್ಬೊಟ್ಟೆಯ ಕೆಳಗೆ ಒಂದು ಭಾರ ಶುರುವಾಯಿತು, ಕಲ್ಲೊಂದು ಕೂತಂತೆ. ಮೂತ್ರ ಮಾಡಿದರೆ ಉರಿ. ಮಾಡಿ ಬಂದ ಐದು ನಿಮಿಷಕ್ಕೆ ಮತ್ತೆ ಅವಸರ. ಕೆಲಸಕ್ಕೆ ಹೋಗುತ್ತ ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ಎಷ್ಟೋ ಸಲ ಕಂಬ ಹಿಡಿದು ನಿಂತುಬಿಟ್ಟಿದ್ದೇನೆ.

ನೋವಿಗಿಂತ ದೊಡ್ಡದು ಭಯ. ಕಲ್ಯಾಣದ ಹೋಟೆಲಿನಲ್ಲಿದ್ದ ನನ್ನ ದೊಡ್ಡಪ್ಪ ಮೂತ್ರಕೋಶದ ಕೆಳಗಿನ ಪ್ರೋಸ್ಟೇಟ್ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಮೂತ್ರದಲ್ಲಿ ರಕ್ತ ಹೋಗುತ್ತಿದ್ದರೂ ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಅದು ಬೆನ್ನುಮೂಳೆಗೆ ಇಳಿದಿತ್ತು. ಸತ್ತ ಮೇಲೂ ನಮ್ಮ ಮನೆಯಲ್ಲಿ ಅದಕ್ಕೆ 'ಹೊಟ್ಟೆಯ ಕಾಯಿಲೆ' ಎಂದೇ ಹೆಸರು. ಮೊಬೈಲಿನಲ್ಲಿ ಓದಿದಷ್ಟೂ ದೊಡ್ಡಪ್ಪನ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಹಿಂದಿನಿಂದ ಬೆರಳು ಹಾಕಿ ಪರೀಕ್ಷೆ ಮಾಡುತ್ತಾರೆ ಎಂಬುದನ್ನೂ ಓದಿದ್ದೆ. ಮನೆಯವರಿಗೆಲ್ಲ ಗೊತ್ತಿರುವ, ನನಗೆ ಚಿಕ್ಕಂದಿನಿಂದ ಇಂಜೆಕ್ಷನ್ ಕೊಟ್ಟ ಹೆಂಗಸಿನ ಹತ್ತಿರ ಅದನ್ನು ಕೇಳುವುದು ಹೇಗೆ?

ಮೊದಲ ಸಲ ಹೋಗಿ ತಲೆನೋವು ಎಂದೆ. ಮಾತ್ರೆ ಕೊಟ್ಟರು. ವಾರ ಬಿಟ್ಟು ಮತ್ತೆ ಹೋದೆ. ಮತ್ತೆ ತಲೆನೋವು ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಎರಡು ಸಲ ತಲಿನೋವು ಅಂತ ಬಂದೀ. ಎರಡು ಸಲನೂ ಕುರ್ಚಿ ಮ್ಯಾಲೆ ಒಂದು ಮಗ್ಗಲಾಗಿ ಕುಂತೀ. ತಲಿ ನೋಯೋರು ಹಂಗ ಕೂಡೂದಿಲ್ಲಪಾ. ಏನಾಗೇದ?"

ಬಾಗಿಲಲ್ಲಿ ಪರದೆ ಮಾತ್ರ. ಅದರಾಚೆ ಬೆಂಚಿನ ಮೇಲೆ ಕುಳಿತವರ ಕಾಲುಗಳು ಕಾಣುತ್ತಿದ್ದವು. ನಾನು ಅತ್ತ ನೋಡಿದ್ದನ್ನು ಅವರು ಗಮನಿಸಿದರು. ಎದ್ದು ಹೋಗಿ ಹೊರಗಿನವರಿಗೆ ಸ್ವಲ್ಪ ಕಾಯಿರಿ ಎಂದು ಮರಾಠಿಯಲ್ಲಿ "ಜರಾ ಥಾಂಬಾ" ಹೇಳಿ, ಸದಾ ತೆರೆದೇ ಇರುತ್ತಿದ್ದ ಮರದ ಬಾಗಿಲನ್ನು ಎಳೆದು ಮುಚ್ಚಿದರು.

ಒಂದೇ ಉಸಿರಿಗೆ ಹೇಳಿಬಿಟ್ಟೆ. "ಡಾಕ್ಟ್ರೇ, ನಂಗೆ ಪ್ರೋಸ್ಟೇಟ್ ಪರೀಕ್ಷೆ ಮಾಡಿ."

ನಗಲಿಲ್ಲ. 'ಈ ವಯಸ್ಸಿಗೆ ಯಾಕೆ' ಎಂದೂ ಅನ್ನಲಿಲ್ಲ. ನನ್ನ ಮೊಬೈಲು ಕೇಳಿ ಇಸಿದುಕೊಂಡು, ನಾನು ಏನೇನು ಓದಿದ್ದೆನೋ ಅದನ್ನೆಲ್ಲ ಕನ್ನಡಕ ಏರಿಸಿ ಕೊನೆಯವರೆಗೆ ಓದಿದರು. ಆಮೇಲೆ ಒಂದೊಂದಾಗಿ ಪ್ರಶ್ನೆ ಕೇಳಿದರು. ಉರಿ ಎಂದಿನಿಂದ, ಜ್ವರ ಬಂದಿತ್ತೇ, ಹೆಣ್ಣಿನ ಸಂಗ ಮಾಡಿದ್ದೇನೆಯೇ, ಕೆಲಸದ ನಡುವೆ ಎಷ್ಟು ಹೊತ್ತು ಮೂತ್ರ ತಡೆದುಕೊಂಡಿರುತ್ತೇನೆ. ಕೇಳುವಾಗ ನನ್ನ ಮುಖ ನೋಡದೆ ಚೀಟಿಯಲ್ಲಿ ಬರೆಯುತ್ತಲೇ ಇದ್ದರು. ಅದು ನನ್ನ ಮೇಲಿನ ದಯೆ ಎಂದು ನನಗೆ ಬಹಳ ತಡವಾಗಿ ಹೊಳೆಯಿತು. ಕೊನೆಗೆ ದೊಡ್ಡಪ್ಪನ ವಿಷಯವನ್ನೂ ಹೇಳಿದೆ. ಹೇಳುತ್ತ ಕಣ್ಣೊರೆಸಿಕೊಂಡೆ.

"ನಿನ್ನ ವಯಸ್ಸಿನಾಗ ಕ್ಯಾನ್ಸರ್ ಬಹಳ ಅಪರೂಪ. ಇದು ಸೋಂಕು ಇದ್ದಂಗ ಕಾಣ್ತದ. ಆದ್ರ ಮುಟ್ಟಿ ನೋಡಬೇಕು. ನಾನು ನೋಡ್ಲ್ಯೋ, ಠಾಣೇದಾಗ ಗಂಡಸು ಡಾಕ್ಟರ್ ಇದ್ದಾರ, ಅವರ ಕಡೆ ಕಳಿಸ್ಲ್ಯೋ? ನೀ ಹೇಳಿದಂಗ."

"ನೀವೇ ನೋಡಿ."

"ಮತ್ತ ಯಾಕ ಅಳ್ತೀ? ಮೈ ಅಂದ್ರ ಮೈ. ಅದ್ರಾಗ ಹೇಳೋ ಭಾಗ, ಹೇಳಬಾರದ ಭಾಗ ಅಂತ ಎರಡಿಲ್ಲ."

ಜೊತೆಗಿರಲು ಕಂಪೌಂಡರನ್ನು ಒಳಗೆ ಕರೆಯಲೇ ಎಂದು ನನ್ನನ್ನು ಕೇಳಿ, ನಾನು ಹೂಂ ಎಂದ ಮೇಲೆಯೇ ಕರೆದರು. ಗೋಡೆಯ ಕಡೆ ತಿರುಗಿ ಮಲಗಿಸಿದರು. ಕೈಗವಸು ಹಾಕುವುದರಿಂದ ಹಿಡಿದು ಪ್ರತಿಯೊಂದನ್ನೂ ಮಾಡುವ ಮೊದಲು ಹೇಳಿದರು. "ಈಗ ತಣ್ಣಗ ಅನಸ್ತದ. ಬಾಯಿಂದ ಉಸಿರು ಬಿಡು. ಆತು, ಆತು." ಒಂದು ಕಡೆ ಒತ್ತಿದಾಗ ಜೀವ ಹೋದಂತಾಯಿತು. ಅಷ್ಟೇ. ಒಂದು ಸ್ಟೇಷನ್ನಿನಲ್ಲಿ ಲೋಕಲ್ ನಿಲ್ಲುವಷ್ಟು ಹೊತ್ತೂ ಆಗಿರಲಿಲ್ಲ. ಅದಕ್ಕಾಗಿ ನಾನು ಒಂದೂವರೆ ತಿಂಗಳು ಸತ್ತಿದ್ದೆ.

ಸೋಂಕೇ ಆಗಿತ್ತು. ಮೂತ್ರ ಪರೀಕ್ಷೆಯಲ್ಲೂ ಅದೇ ಬಂತು. ನಾಲ್ಕು ವಾರ ಮಾತ್ರೆ, ದಿನಾ ಬಿಸಿನೀರಿನ ಟಬ್ಬಿನಲ್ಲಿ ಕೂರುವುದು. ಅದರ ಜೊತೆ, ಕೆಲಸದ ನಡುವೆ ಬಿಡುವು ಕೊಡಬೇಕು ಎಂದು ಕಾರ್ಖಾನೆಯ ಸೂಪರ್‌ವೈಸರನಿಗೆ ಒಂದು ಚೀಟಿ. ಇಷ್ಟೆಲ್ಲ ಬರೆದು ಮುಗಿಸಿ ನನ್ನನ್ನು ಕೇಳಿದರು. "ಅಪ್ಪಗ ಎಷ್ಟು ವಯಸ್ಸು?"

"ಅರವತ್ತು."

"ರಾತ್ರಿ ಎಷ್ಟು ಸಲ ಏಳ್ತಾರ?"

ಮೂರು ನಾಲ್ಕು ಸಲ ಬಚ್ಚಲಿನ ಬಾಗಿಲು ಕಿರುಗುಟ್ಟುವುದನ್ನು ದಿನಾ ಕೇಳುತ್ತಿದ್ದೆ. ಅದರ ಅರ್ಥ ಯೋಚಿಸಿರಲಿಲ್ಲ.

"ಅವರ ಅಣ್ಣ ಹೋಗಿದ್ದು ಇದ್ರಿಂದ ಅಂದ್ರ, ಇಲ್ಲಿ ನಿನಗಿಂತ ಮೊದಲು ಅವರು ಬರಬೇಕಿತ್ತು. ಕರಕೊಂಡು ಬಾ."

ನನ್ನ ಅಪ್ಪ ಕುಂದಾಪುರದ ಕಡೆಯವರು, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ಮಧ್ಯಾಹ್ನ ಅವರು ಮನೆಗೆ ಬಂದು ಕಾಲು ಚಾಚಿದಾಗ ಮೊದಲು ಪರೀಕ್ಷೆಯ ಮಾತೆತ್ತಿದೆ. "ನಂಗೆಂತ ಆಯಿಲ್ಲೆ," ಎಂದು ಮಗ್ಗುಲು ತಿರುಗಿದರು. ಬೇರೆ ದಾರಿ ಕಾಣದೆ ನನ್ನ ಕತೆಯನ್ನೇ ಹೇಳಿದೆ, ಒಂದನ್ನೂ ಬಿಡದೆ. ಅವರು ಬೆನ್ನು ತೋರಿಸಿಕೊಂಡೇ ಕೇಳಿಸಿಕೊಂಡರು. ಮುಗಿದ ಮೇಲೆ ಹಾಗೇ ಮಲಗಿ ಕೇಳಿದರು.

"ಆ ಹೆಂಗ್ಸೇ ಮಾಡಿದ್ರಾ?"

"ಹೌದು."

ನನ್ನ ಕಡೆ ಹೊರಳಿದರು. ಆಮೇಲೆ ಮೆಲ್ಲಗೆ ಕೇಳಿದರು. "ನೋವಾಯ್ತಾ?"

ಮರುದಿನ ಶುಭ್ರ ಪಂಚೆಯುಟ್ಟು ನನ್ನ ಜೊತೆ ಬಂದರು. ಡಾಕ್ಟರ್‌ಬಾಯಿ ಮತ್ತೆ ಆ ಮರದ ಬಾಗಿಲು ಮುಚ್ಚಿದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ನನ್ನನ್ನೂ ಕರೆದು ಒಳಗೆ ಕೂರಿಸಿಕೊಂಡಾಗ ಡಾಕ್ಟರ್‌ಬಾಯಿಯ ಮುಖ ಗಂಭೀರವಾಗಿತ್ತು. "ಒಂದು ಕಡೆ ಕೈಗೆ ಗಟ್ಟಿ ಹತ್ತೇದ. ಹೆದರಿಸಾಕ ಹೇಳ್ತಿಲ್ಲ. ಈ ವಾರದಾಗ ಠಾಣೇದ ಡಾಕ್ಟರ್ ಕಡೆ ಹೋಗ್ರಿ."

ಅಲ್ಲಿ ಪರೀಕ್ಷಿಸಿದಾಗ ಗಡ್ಡೆ ಕ್ಯಾನ್ಸರಿನದೇ ಎಂದು ತಿಳಿಯಿತು. ಆದರೆ ಎಲ್ಲಿ ಹುಟ್ಟಿತ್ತೋ ಅಲ್ಲೇ ಇತ್ತು, ಹರಡಿರಲಿಲ್ಲ. ಮದುವೆಯನ್ನು ಮೇ ತಿಂಗಳಿಗೆ ಮುಂದೆ ಹಾಕಿ ಆಪರೇಷನ್ ಮಾಡಿಸಿದೆವು. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಮಧ್ಯಾಹ್ನ ಡಾಕ್ಟರ್‌ಬಾಯಿಯ ಫೋನು ಬರುತ್ತಿತ್ತು. ಅಮ್ಮ ಮೊದಲ ದಿನ ಸೆರಗಿನ ಮರೆಯಲ್ಲಿ ಪಿಸುಗುಟ್ಟಿದರು. ನಾಲ್ಕನೆಯ ದಿನಕ್ಕೆ ಇಡೀ ವಾರ್ಡಿಗೆ ಕೇಳುವ ಹಾಗೆ, "ಹೋಯ್ತ್ ಡಾಕ್ಟ್ರೇ, ಮೂತ್ರ ಚಂದ ಮಾಡಿ ಹೋಯ್ತ್!" ಎಂದು ಕೂಗಿ ಹೇಳಿದರು. ಅಪ್ಪ ಹೊಲಿಗೆ ನೋಯುತ್ತಿದ್ದರೂ ನಕ್ಕರು.

ಇದಾಗಿ ಆರು ವರ್ಷ. ಅಪ್ಪ ವರ್ಷಕ್ಕೆರಡು ಸಲ ರಕ್ತ ಪರೀಕ್ಷೆ ಮಾಡಿಸಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ನನ್ನ ಮಗಳನ್ನು ಶಾಲೆಗೆ ಬಿಡುವವರು ಅವರೇ.

ಡಾಕ್ಟರ್‌ಬಾಯಿ ಹೋದ ವರ್ಷ ಗಣಪತಿ ಹಬ್ಬ ಕಳೆದ ವಾರದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಹಿಂದಿನ ದಿನ ಸಂಜೆಯವರೆಗೂ ರೋಗಿಗಳನ್ನು ನೋಡಿದ್ದರಂತೆ. ದವಾಖಾನೆಯ ಮುಂದೆ ಜನರ ಸಾಲು ರಸ್ತೆಯವರೆಗೆ ಬೆಳೆದಿತ್ತು. ಅವರ ಮಗಳು ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಕೈಮುಗಿದು, ದೊಡ್ಡ ಮನಸ್ಸಿನವರು ಎಂದೋ ಒಳ್ಳೆಯ ಕೈಗುಣ ಎಂದೋ ಹೇಳಿ ಮುಂದೆ ಹೋಗುತ್ತಿದ್ದರು. ಸಾಲಿನಲ್ಲಿ ನಮ್ಮ ಹಿಂದೆ ಮುಂದೆ ಎಲ್ಲ ಅಪ್ಪನ ಹೋಟೆಲಿನವರು, ನಮ್ಮ ಊರಿನವರು, ಆಪರೇಷನ್ ಆದಾಗ 'ಹರ್ನಿಯಾ' ಎಂದು ನಾವು ಸುಳ್ಳು ಹೇಳಿದ್ದ ನೆಂಟರು.

ಅಪ್ಪನ ಸರದಿ ಬಂತು. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಅಮ್ಮಾ, ನಂಗೆ ಪ್ರೋಸ್ಟೇಟ್ ಕ್ಯಾನ್ಸರ್ ಇದ್ದಿತ್. ನಿಮ್ಮ ಅಮ್ಮನೇ ಪರೀಕ್ಷೆ ಮಾಡಿ ಹಿಡ್ದದ್. ಇವತ್ತ್ ನಾ ನಿಂತ್ಕಂಡ್ ಇಪ್ಪುದ್ ಅವ್ರಿಂದ."

ಸಾಲಿನಲ್ಲಿದ್ದ ನೆಂಟರು ತಿರುಗಿ ನೋಡಿದರು. ಆ ಹುಡುಗಿ ಅಳುತ್ತಲೇ ತಲೆಯಾಡಿಸಿದಳು.

ರಸ್ತೆಗೆ ಬಂದಾಗ ಹಿಂದಿನಿಂದ ಯಾರೋ ಅಪ್ಪನ ತೋಳು ಹಿಡಿದರು. ಅದೇ ಹೋಟೆಲಿನಲ್ಲಿ ಚಟ್ನಿ ಸಾಂಬಾರು ನೋಡಿಕೊಳ್ಳುವ ಅವರ ಓರಗೆಯ ಗೆಳೆಯ. ಅತ್ತಿತ್ತ ನೋಡಿ ದನಿ ತಗ್ಗಿಸಿ, "ನಂಗೂ ರಾತ್ರಿ ನಾಕ್ ಸಲ ಏಳ್ಕಾತ್ತ್ ಮಾರಾಯಾ. ಡಾಕ್ಟ್ರೂ ಹೋದ್ರ್, ಈಗ ಎಲ್ಲಿಗೆ ಹೋಯ್ಕ್?" ಎಂದು ಕೇಳಿದರು.

ಅಪ್ಪ ದನಿ ತಗ್ಗಿಸಲಿಲ್ಲ. ಅವರನ್ನು ಫುಟ್‌ಪಾತಿನ ಅಂಚಿಗೆ ಕರೆದುಕೊಂಡು ಹೋಗಿ, ತಮ್ಮ ಕತೆಯನ್ನು ಮೊದಲಿನಿಂದ ಶುರು ಮಾಡಿದರು.