ಮೀನು ಬೇರೆ, ಸೀಫುಡ್ ಬೇರೆ

ಹೋದ ಶನಿವಾರ ರಾಯಚೂರಿಗೆ ಸಮುದ್ರ ಬಂದಿತ್ತು.

ನಂಬೋದಿಲ್ವಾ? ಸ್ಟೇಷನ್ ರೋಡಿನ ಹೊಸ ಹೋಟೆಲ್ ಮುಂದೆ ಬ್ಯಾನರ್ ಕಟ್ಟಿದ್ದರು: ‘ವರ್ಲ್ಡ್ ಸೀಫುಡ್ ಫೆಸ್ಟಿವಲ್’. ಜಪಾನಿನ ಸುಶಿ, ಸ್ಪೇನಿನ ಪಯೆಯಾ, ಥಾಯ್ಲೆಂಡಿನ ಟಾಮ್ ಯಮ್ ಸೂಪು, ಇಂಗ್ಲೆಂಡಿನ ಫಿಶ್ ಅಂಡ್ ಚಿಪ್ಸ್. ಹೊರಗೆ ತಲೆ ಸೀಳುವ ಬಿಸಿಲು, ಒಳಗೆ ಎ.ಸಿ., ಗೋಡೆ ತುಂಬ ಅಲೆಗಳ ಚಿತ್ರ.

ನಾನು ಅವ್ವನನ್ನು ಕರೆದುಕೊಂಡು ಹೋದೆ. ಶೋಕಿಗಲ್ಲ, ಸಮಾಧಾನ ಮಾಡೋಕೆ.

ಹಿಂದಿನ ದಿನ ಅವ್ವ ದೇವದುರ್ಗದಿಂದ ಬಸ್ಸಿನಲ್ಲಿ ಬಂದಿದ್ದಳು, ತೊಡೆ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು. ಕೃಷ್ಣಾ ಹೊಳೆಯ ಮೀನಿನ ಸಾರು, ಹುಣಸೆ ಹುಳಿ ಹಿಂಡಿದ್ದು. (ಮಗಳು ಕಾಲೇಜಿನಲ್ಲಿ ಪಾಠ ಮಾಡ್ತಾಳೆ ನಿಜ. ಅವ್ವನ ಲೆಕ್ಕದಲ್ಲಿ ಉಪವಾಸ ಇರ್ತಾಳೆ.) ಬಿಸಿಗಿಟ್ಟು ಇನ್ನೂ ಕುದಿ ಬಂದಿರಲಿಲ್ಲ, ಮೇಲಿನ ಬಾಲ್ಕನಿಯಿಂದ ಮನೆ ಓನರ್ ದನಿ ಬಂತು. ಮಾನ್ವಿ ಕಡೆಯವರು, ರಿಟೈರ್ಡ್ ಇಂಜಿನಿಯರ್, ಬಹಳ ಮೃದು ಮಾತು.

“ಮೇಡಂ, ವಾಸನಿ ಬರಾಕತ್ತದ. ಮೀನು ನಡಿಯಂಗಿಲ್ಲ ಅಂತ ಮೊದಲ ಹೇಳಿದ್ದೆನಲ್ರೀ? ಇನ್ನೊಮ್ಮಿ ಹಿಂಗಾದ್ರ ಬ್ಯಾರೆ ಮನಿ ನೋಡ್ಕೋರಿ.”

ಈ ಮನೆಗಾಗಿ ಎಷ್ಟು ಓಣಿ ಸುತ್ತಿದ್ದೆ ಅಂತ ನನಗೇ ಗೊತ್ತು. ಹೆಸರು ಕೇಳಿ, ಊರು ಕೇಳಿ, ಆಮೇಲೆ ‘ಯಾವ ಮಂದಿ’ ಅಂತ ಕೇಳಿ, ‘ಮನಿ ಈಗಷ್ಟ ಕೊಟ್ವಿರೀ’ ಅಂದವರೇ ಜಾಸ್ತಿ. ಗ್ಯಾಸ್ ಆಫ್ ಮಾಡಿದೆ. ಅವ್ವ ಡಬ್ಬಿ ಮುಚ್ಚಿಟ್ಟು ಮೊಸರನ್ನ ಉಂಡಳು.

ಹೋಟೆಲಿನಲ್ಲಿ ಸುಶಿ ಬಂತು. ಅವ್ವ ಬಗ್ಗಿ ನೋಡಿದಳು.

“ಯವ್ವಾ, ಇದು ಹಸೀದೇ ಅದಲ್ಲಾ! ಇವರಿಗೆ ಗ್ಯಾಸ್ ಆಫ್ ಮಾಡು ಅಂದೋರ್ಯಾರು?”

ನಾನು ನಕ್ಕು ತಲೆ ಎತ್ತಿದರೆ ಪಕ್ಕದ ಟೇಬಲ್ಲಿನಲ್ಲಿ ಯಾರು? ನಮ್ಮ ಓನರ್! ಹೆಂಡತಿ, ಮಗಳು, ಅಳಿಯನ ಸಮೇತ. ಎದುರಿಗೆ ಪಯೆಯಾ, ಅಂದರೆ ಸಿಗಡಿ, ಕಪ್ಪೆಚಿಪ್ಪು ಹಾಕಿ ಬೇಯಿಸಿದ ಹಳದಿ ಅನ್ನ. ನನ್ನನ್ನು ಕಂಡದ್ದೇ ಅವರ ಚಮಚ ಗಾಳಿಯಲ್ಲೇ ನಿಂತಿತು.

ಅವ್ವ ಎದ್ದು ಹೋಗಿ ಕೈ ಮುಗಿದಳು. “ಚಂದಾಗಿ ಉಣ್ರೀ ಸಾಹೇಬ್ರ. ನೀವೂ ಮೀನು ತಿಂತೀರಿ ಅಂತ ಗೊತ್ತ ಇರಲಿಲ್ಲ ನೋಡ್ರಿ.”

“ಛೇ ಛೇ, ಮೀನಲ್ಲಮ್ಮಾ,” ಅಂದರು ಅವರು. “ಇದು ಸೀಫುಡ್.”

(ಕೃಷ್ಣೆಯೂ ಕೊನೆಗೆ ಸೇರೋದು ಸಮುದ್ರವನ್ನೇ ಅಂತ ಇಂಜಿನಿಯರ್‌ಗೆ ಯಾರು ಹೇಳಬೇಕು?)

ಮರುದಿನ ಬೆಳಿಗ್ಗೆ ಫೋನ್ ಬಂತು. ದನಿ ಇನ್ನೂ ಮೃದುವಾಗಿತ್ತು. “ಹೋಟೆಲಿನ್ಯಾಗ ಖಾರಾನೂ ಇಲ್ಲ, ಹುಳೀನೂ ಇಲ್ರೀ. ನಿಮ್ಮ ತಾಯಿಯವರು ಮಾಡಲಿ ಬಿಡ್ರಿ, ನಮ್ಮದೇನಿಲ್ಲ. ಕಿಟಕಿ ಅಷ್ಟು ಮುಚ್ಚಿರಲಿ. ಒಂದು ಬಟ್ಟಲ ಸಾರು ತಂದು ನಮ್ಮ ಬಾಗಲ ಮುಂದ ಇಟ್ಟುಬಿಡ್ರಿ, ಯಾರಿಗೂ ಕಾಣಲಾರದಂಗ.”

ಮನೆ ಉಳಿಯಿತಲ್ಲ! ನನಗೆ ಎಷ್ಟು ಖುಷಿ ಅಂದರೆ, ಅವ್ವ ಮಾರ್ಕೆಟ್ಟಿನಿಂದ ಮೀನು ತಂದು ಸಾರು ಇಳಿಸುವಷ್ಟರಲ್ಲಿ ಬಟ್ಟಲು ತೊಳೆದಿಟ್ಟಿದ್ದೆ. ಅವ್ವ ಅದನ್ನು ಕಸಿದುಕೊಂಡಳು. ಅಂಗಳಕ್ಕೆ ಹೋಗಿ ಬಾಲ್ಕನಿ ಕಡೆ ಮುಖ ಎತ್ತಿದಳು.

“ಸಾಹೇಬ್ರ, ಕೆಳಗ ಬರ್ರಿ. ನಮ್ಮ ಜೊತಿ ಕುಂತು, ನಮ್ಮ ತಾಟಿನ್ಯಾಗ ಉಣ್ತೀನಿ ಅಂದ್ರ ಈಗ ಬಡಸ್ತೀನಿ. ಬಾಗಲ ಮುಂದ ಇಡಂಗಿಲ್ಲ.”

ಮೇಲೆ ಕುರ್ಚಿ ಸರಿದ ಸಪ್ಪಳ. ಬಾಗಿಲು ಮುಚ್ಚಿದ ಸಪ್ಪಳ. ನಾವಿಬ್ಬರೂ ಎಲ್ಲ ಕಿಟಕಿ ತೆಗೆದು, ರೊಟ್ಟಿ ಮುರಿದು ಉಂಡೆವು.

ಮನೆ ಖಾಲಿ ಮಾಡಿ ಅಂತ ಇನ್ನೂ ಹೇಳಿಲ್ಲ. ಊಟಕ್ಕೂ ಬಂದಿಲ್ಲ.

ಸ್ಪೇನಿಗೆ ಹೋಗಿ ಬಂದ ನಾಲಿಗೆಗೆ ಒಂದು ಮಹಡಿ ಇಳಿಯೋದು ಅಷ್ಟು ದೂರವಾ?