ಇಲಿಯ ಮೂಗು, ಅಮ್ಮನ ಮೂಗು

ಬಿಜೈಯ ನಮ್ಮ ಫ್ಲಾಟಿನಲ್ಲಿ ಒಣಮೀನು ಇಟ್ಟುಕೊಳ್ಳುವುದೆಂದರೆ ಚಿನ್ನ ಬಚ್ಚಿಟ್ಟ ಹಾಗೆ. ಮೇಲಿನ ಮನೆಯವರು ಶುದ್ಧ ಸಸ್ಯಾಹಾರಿಗಳು, ಒಳ್ಳೆಯ ಜನ. ಅವರಿಗೆ ತೊಂದರೆ ಬೇಡವೆಂದು ಒಣಬಂಗುಡೆಯನ್ನು ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಬಿಗಿದು, ಡಬ್ಬದಲ್ಲಿ ತುಂಬಿ ಅಟ್ಟದ ಮೂಲೆಗೆ ತಳ್ಳಿದ್ದೆ. ದೋಣಿಗಳು ಕಡಲಿಗಿಳಿಯದ ಮಳೆಗಾಲಕ್ಕೆ ಬೇಕಲ್ಲ!

ಮೇಲಿನವರಿಗೆ ಗೊತ್ತಾಗಲಿಲ್ಲ. ನಮಗೇ ಮರೆತುಹೋಗಿತ್ತು. ಕಳೆದ ವಾರ ನೋಡಿದರೆ ಡಬ್ಬದ ಮುಚ್ಚಳದಲ್ಲಿ ತೂತು!

ಇಲಿಯ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಆಶ್ಚರ್ಯ. ಇಷ್ಟೆಲ್ಲ ಸುತ್ತಿಟ್ಟದ್ದು ಅದಕ್ಕೆ ಗೊತ್ತಾದದ್ದಾದರೂ ಹೇಗೆ?

ಮಗಳು ಶ್ರಾವ್ಯ ಬಲ್ಮಠದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಓದುತ್ತಾಳೆ. (ಮನೆಯಲ್ಲಿ ಏನೇ ಆದರೂ ಒಂದು ಲೆಕ್ಚರ್ ಉಚಿತ.) "ಪಪ್ಪ, ವಾಸನೆ ಹಿಡಿಯುವುದಕ್ಕೇ ಅಂತ ಜೀನ್‌ಗಳು ಉಂಟು. ಇಲಿಯಲ್ಲಿ ಕೆಲಸ ಮಾಡುವಂಥದ್ದು ಸಾವಿರಕ್ಕೂ ಹೆಚ್ಚು. ನಮ್ಮಲ್ಲಿ ನಾನೂರು ಚಿಲ್ಲರೆ."

"ಉಳಿದದ್ದು ಎಲ್ಲಿ ಹೋಯ್ತು?"

"ಎಲ್ಲಿಗೂ ಹೋಗಲಿಲ್ಲ. ತುಂಬಾ ಜೀನ್ ಹಾಳಾಗಿ ಒಳಗೇ ಬಿದ್ದುಕೊಂಡುಂಟು."

ನಮ್ಮ ಅಟ್ಟದಲ್ಲಿರುವ ಕೆಟ್ಟ ಮಿಕ್ಸಿ ನೆನಪಾಯಿತು. ಕೆಲಸ ಮಾಡುವುದಿಲ್ಲ, ಬಿಸಾಡುವುದೂ ಇಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಇಲಿಗೂ ನಮಗೂ ಒಬ್ಬಳೇ ಅಜ್ಜಿಯಂತೆ. ಅವಳ ಆಸ್ತಿಯನ್ನು ಇಲಿ ಉಳಿಸಿ ಬೆಳೆಸಿತು. ನಮ್ಮ ಕಡೆಯವರು ಕಣ್ಣನ್ನು ಹೆಚ್ಚು ನಂಬಿದರು, ಮೂಗಿನ ಜೀನು ಒಂದೊಂದೇ ಕೆಟ್ಟರೂ ಯಾರಿಗೂ ಅಡ್ಡಿಯಾಗಲಿಲ್ಲ ಎಂಬುದು ಒಂದು ವಾದ. ಹಾಗಾದರೆ ನಾವು ಮೂಗಿನ ವಿಷಯದಲ್ಲಿ ಬಡವರೇ? "ಹಾಗೆ ಹೇಳಲಿಕ್ಕಾಗುವುದಿಲ್ಲ. ಮೂಗಿನ ಹಿಂದೆ ಮಿದುಳು ಉಂಟಲ್ಲ, ಅದು ಕಮ್ಮಿಯಲ್ಲೇ ಜಾಸ್ತಿ ತಿಳ್ಕೊಳ್ಳುತ್ತದೆ" ಎಂದಳು ಶ್ರಾವ್ಯ.

ಸೋಫಾದ ತುದಿಯಿಂದ ಅಮ್ಮ ಕೇಳಿದರು: "ಹಾಗಾದ್ರೆ ನನ್ನ ನಾನೂರೂ ಹೋಯ್ತಾ ಮಗಾ?"



ಮೇ ತಿಂಗಳ ಒಂದು ಜ್ವರದ ನಂತರ ಅಮ್ಮನಿಗೆ ವಾಸನೆ ತಿಳಿಯುತ್ತಿಲ್ಲ. "ಬರಬಹುದು, ಬಾರದೆಯೂ ಇರಬಹುದು" ಎಂದಿದ್ದರು ಡಾಕ್ಟರು. ಒಂದು ದಿನ ಹಾಲು ಉಕ್ಕಿ ಸೀದು ಕರಕಲಾದರೂ ಪಕ್ಕದಲ್ಲೇ ನಿಂತಿದ್ದ ಅಮ್ಮನಿಗೆ ಗೊತ್ತಾಗಲಿಲ್ಲ. ಅಂದೇ ಸೌಟು ಕೆಳಗಿಟ್ಟರು. ಸಾರಿನ ಕುದಿ ಮೂಸಿಯೇ ಉಪ್ಪು ಹೇಳುತ್ತಿದ್ದವರು! ಊಟವೂ ಅರ್ಧಕ್ಕರ್ಧ ಕಮ್ಮಿಯಾಯಿತು. "ಎಂತ ತಿಂದ್ರೂ ಮಣ್ಣು ಮಾರಾಯ." ಬಳೆಗಳು ಮೊಣಕೈಗೆ ಜಾರತೊಡಗಿದ್ದವು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

"ಜೀನ್ ಹೋಗಲಿಲ್ಲ ಅಜ್ಜಿ, ಮೂಗಿನ ಒಳಗಿನ ಪದರಕ್ಕೆ ಪೆಟ್ಟಾದದ್ದು. ಅದು ಪುನಃ ಬೆಳೆಯಬಹುದು" ಎಂದಳು ಮಗಳು. ಅಮ್ಮ ಟಿವಿಯ ಕಡೆ ತಿರುಗಿದರು.

ಸಂಜೆ ಬೋನು ತಂದೆ. ಬೋನಿನಲ್ಲಿ ಒಣಮೀನನ್ನು ಹಾಗೆಯೇ ಇಟ್ಟರೆ ಇಲಿ ಒಳಗೆ ಬರುವುದಿಲ್ಲ, ಸುಟ್ಟೇ ಇಡಬೇಕು ಎನ್ನುವುದು ಅಮ್ಮನ ಹಳೆಯ ಕಾನೂನು. ಅಳಿದುಳಿದ ಬಂಗುಡೆಗಳಲ್ಲಿ ಒಂದನ್ನು ಗ್ಯಾಸಿನ ಉರಿಯ ಮೇಲಿಟ್ಟೆ. ಅಷ್ಟರಲ್ಲಿ ಫೋನು. ಯಾರೋ ಲೋನ್ ಬೇಕಾ ಎಂದು ಕೇಳುತ್ತಿದ್ದರು.

"ಬಾಲ ಕರ್ಚಿ ಸೀದುಹೋಗ್ತಾ ಉಂಟು! ಗ್ಯಾಸ್ ಸಣ್ಣ ಮಾಡು!"

ಮಾಡಿದೆ. ಆಮೇಲೆ ಕೈ ಅಲ್ಲೇ ನಿಂತಿತು. ಹೇಳಿದ್ದು ಯಾರು?

ಹಾಲ್‌ಗೆ ಓಡಿದೆ. ಅಮ್ಮ ಅಡುಗೆಮನೆಗೆ ಬೆನ್ನು ಹಾಕಿ ಕುಳಿತಿದ್ದರು.

"ಅಮ್ಮಾ, ನಿಮಗೆ ಹೇಗೆ ಗೊತ್ತಾಯ್ತು? ಹೊಗೆ ಕಂಡಿತಾ?"

"ಇಲ್ಲ..." ಅಮ್ಮನಿಗೂ ಆಗಲೇ ಹೊಳೆದದ್ದು. "ವಾಸನೆ ಬಂತು. ಬಂದು ಹೋಯ್ತು. ಇನ್ನೊಮ್ಮೆ ಹತ್ತಿರ ತಾ."

ತಟ್ಟೆಯಲ್ಲಿ ತಂದು ಹಿಡಿದೆ. ಕಣ್ಣು ಮುಚ್ಚಿ ಎಳೆದರು. ಮತ್ತೊಮ್ಮೆ ಎಳೆದರು. "ಬಂಗುಡೆ" ಎಂದರು, ಬಹಳ ದಿನಗಳ ನಂತರ ಬಂದ ನೆಂಟರ ಹೆಸರು ಹೇಳುವಂತೆ. ನನಗೆ ಅಳು ಬಂತು. ಮುಚ್ಚಿಡುವುದೇಕೆ?

ನಾನೂರರಲ್ಲಿ ಎಷ್ಟು ಎದ್ದಿವೆಯೋ ತಿಳಿಯದು. ಮೊದಲು ಎದ್ದವು ಒಣಮೀನಿನವು ಎಂಬುದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಎಷ್ಟು ಮಳೆಗಾಲಗಳನ್ನು ಈ ವಾಸನೆಯ ಜೊತೆ ಕಳೆದ ಮೂಗು ಅದು!

"ಗಂಜಿ ಉಂಟಾ?" ಅಮ್ಮ ಕೇಳಿದರು.

"ಉಂಟು. ಆದ್ರೆ ಅಮ್ಮಾ, ಇದು ಇಲಿಗೆ ಮಾಡಿದ್ದು."

"ಅದಕ್ಕೆ ಸಾವಿರ ಉಂಟಲ್ಲ? ಬೇರೆ ಎಂತದಾದ್ರೂ ಹುಡುಕಿಕೊಳ್ಳಲಿ."

ಬೋನಿನಲ್ಲಿ ಈಗ ಚಪಾತಿ ಚೂರು ಇದೆ. ಇಲಿ ಅತ್ತ ಮೂಸಿಯೂ ನೋಡಿಲ್ಲ, ಅಟ್ಟದ ಕಡೆಗೂ ಸುಳಿದಿಲ್ಲ. ಒಣಮೀನಿನ ಯಜಮಾನಿ ವಾಪಸು ಬಂದಿದ್ದಾರೆಂಬುದು ಅದರ ಮೂಗಿಗೆ ನಮಗಿಂತ ಮೊದಲೇ ಬಡಿದಿತ್ತೇ?