ಮೂರು ಸಲ ಹೇಳಿದ ಸುಳ್ಳು

ಆಗೆಲ್ಲ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಎಪ್ಪತ್ತರ ದಶಕದ ಆ ಚಳಿಗಾಲದಲ್ಲಿ ಬ್ಯಾಡರಹಳ್ಳಿ ಕಡೆಯಿಂದ ಮೂಟೆಗಟ್ಟಲೆ ಸೊಗಡಿನ ಅವರೆಕಾಯಿ ಬರುತ್ತಿತ್ತು. ಹಿತಕಿದ ಬೇಳೆ ಸಾರಿನ ವಾಸನೆ ಬೀದಿ ತುದಿಯಲ್ಲೇ ಮೂಗಿಗೆ ಬಡಿಯುತ್ತಿತ್ತು. ಆ ವಾಸನೆ ಬಂದರೆ ಇಂದಿಗೂ ಎದ್ದು ಕಿಟಕಿ ಮುಚ್ಚುತ್ತೇನೆ.

ನನಗೆ ಹತ್ತು ವರ್ಷ, ತಮ್ಮ ಶಿವುಗೆ ಏಳು. ಸೈಟಿನಲ್ಲಿ ಚಿನ್ನಿದಾಂಡು ಆಡುತ್ತಿದ್ದಾಗ ಪಕ್ಕದ ಮನೆಯ ಮಂಜ, "ಹೆಣ್ಮಕ್ಳಿಗೆ ಆಟ ಇಲ್ಲ, ಹೋಗೇ" ಎಂದು ನನ್ನ ಜಡೆ ಹಿಡಿದು ಜಗ್ಗಿದ. ಅವನು ಬೆನ್ನು ತಿರುಗಿಸಿದ್ದೇ ತಡ, ದಾಂಡು ಎತ್ತಿ ತಲೆಗೆ ಬಾರಿಸಿದೆ. ಮಕಾಡೆ ಬಿದ್ದ. ಕೂದಲ ನಡುವಿನಿಂದ ರಕ್ತ ಇಳಿಯಿತು. ನನಗೆ ಭಯವಾಗಲಿಲ್ಲ, ಖುಷಿಯಾಯಿತು. ಇನ್ನೊಂದು ಬಿಟ್ಟೆ. ಶಿವು ಅಳುತ್ತಾ ದಾಂಡು ಕಿತ್ತುಕೊಂಡ. ಹೆಂಗಸರು ಓಡಿ ಬಂದಾಗ ಅದು ಅವನ ಕೈಯಲ್ಲಿತ್ತು.

ಹೊಡೆದವರು ಯಾರೆಂದು ಮಂಜ ನೋಡಿರಲಿಲ್ಲ. ನಾವಿಬ್ಬರು ಬಿಟ್ಟರೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅಪ್ಪಾಜಿ ಕೋರ್ಟಿನಲ್ಲಿ ಗುಮಾಸ್ತರು. ಮನೆಯಲ್ಲಿ ಏನೇ ಜಗಳವಾದರೂ ನಡೆದದ್ದನ್ನು ಮೂರು ಸಲ ಹೇಳಿಸುತ್ತಿದ್ದರು. ಯಾರ ಮಾತು ಬದಲಾಯಿತೋ ಅವರದು ಸುಳ್ಳು. ಅವರು ಬರುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ನಾನು ಬಚ್ಚಲಲ್ಲಿ ಕೂತು, ಶಿವು ಹೊಡೆದ ಕಥೆಯನ್ನು ಪಾಠದ ಹಾಗೆ ಉರು ಹೊಡೆದೆ.

ಮೂರು ಸಲವೂ ಒಂದಕ್ಷರ ತಪ್ಪದೆ ಒಪ್ಪಿಸಿದೆ. ಆಮೇಲೆ ಶಿವು ಸರದಿ.

"ಮಂಜ ಜಡೆ ಎಳ್ದ, ಅಕ್ಕ ಹೊಡುದ್ಳು."

"ಇನ್ನೊಂದ್ಸಲ."

"ಅಲ್ಲಲ್ಲ, ಮೊದ್ಲು ಬೈದ... ಅಲ್ಲ, ಎಳ್ದ. ತಾಳಿ ಅಪ್ಪಾಜಿ, ಮರ್ತೋಯ್ತು."

"ಮೂರ್ನೇ ಸಲ."

"ಒಂದು ನಾಯೀನೂ ಬಂದಿತ್ತು..."

"ಈಗ ನಾಯಿ ಬಂತಾ?" ಅಪ್ಪಾಜಿ ಬೆಲ್ಟು ಬಿಚ್ಚಿದರು. ಬೆನ್ನು, ತೊಡೆ, ಕೈ, ಎಲ್ಲಿ ಬಿದ್ದರೆ ಅಲ್ಲಿ. ಕೊನೆಗೆ ಎಡಗೆನ್ನೆಗೆ ಬಿಟ್ಟ ಏಟಿಗೆ ಅವನ ತಲೆ ಗೋಡೆಗೆ ಬಡಿಯಿತು, ಕಿವಿಯಿಂದ ರಕ್ತ ಬಂತು.

"ನೀನೇ ತಾನೆ ಹೊಡ್ದಿದ್ದು? ಮೂರು ಸಲ ಹೇಳು."

"ನಾನೇ ಹೊಡ್ದೆ. ನಾನೇ ಹೊಡ್ದೆ. ನಾನೇ..."

"ಸಾಯಿಸ್ಬಿಡ್ತೀರೇನ್ರೀ ಮಗೂನ!" ಅಮ್ಮ ಅಡ್ಡ ಬಿದ್ದರು. ನಾನು ಊಟಕ್ಕೆ ಕೂತಾಗ ಹಿತಕಿದ ಬೇಳೆ ಸಾರನ್ನು ಎರಡನೇ ಸಲ ಹಾಕಿಸಿಕೊಂಡು ಉಂಡೆ.

ನಿಜ ಹೇಳುವವರು ತಡಕಾಡುತ್ತಾರೆ, ತಿದ್ದಿಕೊಳ್ಳುತ್ತಾರೆ. ನೆನಪಿನ ಸ್ವಭಾವವೇ ಅದು. ನನಗೆ ತಡಕಾಡಲು ಏನಿತ್ತು? ಕಟ್ಟಿಕೊಂಡಿದ್ದನ್ನು ಒಪ್ಪಿಸಿದರೆ ಮುಗಿಯಿತು. ಅಪ್ಪಾಜಿ ಅದೇ ಕಥೆಯನ್ನು ಕೊನೆಯಿಂದ ಹೇಳು ಎಂದಿದ್ದರೆ, ಶಿವು ಹೊಡೆಯುವಾಗ ನೀನೆಲ್ಲಿ ನಿಂತಿದ್ದೆ ಎಂದು ಕೇಳಿದ್ದರೆ, ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಕೇಳಲಿಲ್ಲವಲ್ಲ ಎಂದು ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನನ್ನ ಮೇಲೆ ಇರುವುದು ಅದಕ್ಕಿಂತ ಹೆಚ್ಚು.

ಶಿವು ಈಗ ಕೆಂಗೇರಿಯಲ್ಲಿದ್ದಾನೆ. ಎಡಗಿವಿ ಅಂದಿನಿಂದಲೇ ಕೇಳಿಸುವುದಿಲ್ಲ. ಹೋದ ತಿಂಗಳು ಅವನ ಬಲಕ್ಕೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅವನು ನಕ್ಕ.

"ಸುಮ್ನಿರಕ್ಕ. ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನಾನೇ ಹೊಡ್ದಿದ್ದು. ಪಾಪ ಮಂಜ."

"ಇಲ್ಲ ಕಣೋ, ನಾನು!"

"ನನ್ನ ಸಮಾಧಾನಕ್ಕೆ ಈ ವಯಸ್ಸಲ್ಲಿ ಸುಳ್ಳು ಹೇಳ್ತೀಯಲ್ಲ" ಎಂದು ನನ್ನ ಕಣ್ಣೊರೆಸಿದ.

ಅವನ ಕಿವಿ ತೆಗೆದವರು ಅಪ್ಪಾಜಿ. ತಡಕಾಡುತ್ತಲೇ ನಿಜ ಹೇಳಿದ್ದ ಆ ಏಳು ವರ್ಷದ ಹುಡುಗನನ್ನು ಮಾತ್ರ ಇಲ್ಲವಾಗಿಸಿದವಳು ನಾನು.